ವಸ್ತಾದರ ಒಂದು ಬೈಠಕ್

ನಾನು ಕುಡಿಯುವುದಿಲ್ಲ. ಕಾಯಿಲೆಯ ಬಗ್ಗೆ ಬರೆಯುವವರು ಮೊದಲ ಲಕ್ಷಣದಿಂದಲೋ ಡಾಕ್ಟರರ ಮುಖದಿಂದಲೋ ಶುರು ಮಾಡುತ್ತಾರೆ. ನಾನು ಇಲ್ಲಿಂದ ಶುರು ಮಾಡಬೇಕಾಗಿದೆ. ಖಾನಾಪುರದಲ್ಲಿ ನನ್ನನ್ನು ಬಲ್ಲವರಲ್ಲಿ ಅರ್ಧ ಜನ ಇವತ್ತಿಗೂ ನನ್ನ ನಡಿಗೆಯನ್ನೂ ಮಾತನ್ನೂ ಬಾಟಲಿಗೇ ಗಂಟು ಹಾಕುತ್ತಾರೆ. ಆ ಮಾತನ್ನು ಹುಟ್ಟಿಸಿದವನು ಯಾರು, ಅವನಿಗೆ ನಾನು ಏನು ಮಾಡಿದೆ ಎನ್ನುವುದೇ ಈ ಬರಹ. ನಡುವೆ ಕಾಯಿಲೆಯೂ ಬರುತ್ತದೆ. ಇಂಥದೇ ಕಾಯಿಲೆ ಹಿಡಿದು ಮನೆಯ ಮೂಲೆಯಲ್ಲಿ ಕೂತ ಯಾರಾದರೂ ಓದಿದರೆ, ಸಿಟ್ಟು ಬರುವುದು ನಿಮಗೊಬ್ಬರಿಗೇ ಅಲ್ಲ ಎಂದು ತಿಳಿಯಲಿ. ಕಾಯಿಲೆಯವರು ಶಾಂತವಾಗಿರಬೇಕು ಎಂದು ಹೇಳುವವರೆಲ್ಲ ಎರಡು ಕಾಲಿನ ಮೇಲೆ ಗಟ್ಟಿಯಾಗಿ ನಿಂತವರು.

ನನ್ನ ಹೆಸರು ಬಸವಂತ. ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ, ಊರವರ ಬಾಯಲ್ಲಿ ಪೀಟಿ ಮಾಸ್ತರ. ಅದಕ್ಕೂ ಮೊದಲು ಪೈಲ್ವಾನ. ನಮ್ಮ ಓಣಿಯ ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ, ಹದಿನೈದು ವರ್ಷ ಕೆಂಪು ಮಣ್ಣು ಮೈಗೆ ಹಚ್ಚಿಕೊಂಡವನು. ಆ ತಾಲೀಮಿನ ಗುರು ಕಲ್ಲಪ್ಪ ವಸ್ತಾದ. ನನ್ನ ಅವ್ವನ ಒಡಹುಟ್ಟಿದ ಅಣ್ಣ, ನನ್ನ ಸೋದರಮಾವ. ಎದುರಿಗಿದ್ದಾಗ ಅವನಿಗೆ ರೀ ಹಚ್ಚಿಯೇ ಮಾತಾಡುತ್ತೇನೆ. ಇಲ್ಲಿ ಹಚ್ಚುವುದಿಲ್ಲ.

ನಲವತ್ತೊಂದನೆಯ ವಯಸ್ಸಿನಲ್ಲಿ ನನಗೆ ಮೀನಖಂಡ ಹಿಡಿಯತೊಡಗಿತು. ಮಳೆಗಾಲದ ಥಂಡಿ ಅಂದುಕೊಂಡೆ. ಆಮೇಲೆ ಸೀಟಿ ಊದುವುದು ಕಷ್ಟವಾಯಿತು. ಪೀಟಿ ಮಾಸ್ತರನಿಗೆ ಸೀಟಿ ಊದಲು ಬರುವುದಿಲ್ಲವೆಂದರೆ ಯಾರಿಗೆ ಹೇಳಬೇಕು? ತುಟಿ ಬಿಗಿಹಿಡಿದರೂ ಬಾಜುವಿನಿಂದ ಗಾಳಿ ಸೋರಿ ಹೋಗುತ್ತಿತ್ತು. ಸೀಟಿಯೇ ಕೆಟ್ಟಿದೆ ಎಂದು ಮೂರು ಸೀಟಿ ಬದಲಿಸಿದೆ. ಸ್ವಾತಂತ್ರ್ಯ ದಿನದ ಕವಾಯತಿನ ಅಭ್ಯಾಸ ನಡೆದಾಗ, ಇಡೀ ಶಾಲೆಯ ಎದುರು ನನ್ನ ಬಲಗಾಲಿನ ಹೆಬ್ಬೆರಳು ಸಪಾಟು ನೆಲಕ್ಕೇ ತಾಗಿ, ಮುಖ ಅಡಿಯಾಗಿ ಬಿದ್ದೆ. ಎದ್ದು 'ಸಾವಧಾನ್' ಎಂದು ಕೂಗಲು ಹೋದರೆ ನಾಲಿಗೆ ಹೊರಳಲಿಲ್ಲ. ಹೊರಟದ್ದು ಯಾವ ಭಾಷೆಯ ಶಬ್ದವೋ ನನಗೂ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ನಗು ಎದ್ದಿತು.

ಮುಖ್ಯೋಪಾಧ್ಯಾಯರು ನನ್ನನ್ನು ದವಾಖಾನೆಗೆ ಕಳಿಸಲಿಲ್ಲ. ಮಾವನ ಮನೆಗೆ ಹೋಗಿ, ನಿಮ್ಮ ಅಳಿಯನಿಗೆ ಸ್ವಲ್ಪ ಬುದ್ಧಿ ಹೇಳಿ ಎಂದು ಬಂದರು. ಮರುದಿನ ಬೆಳಿಗ್ಗೆ ಮಾವ ನನ್ನನ್ನು ತಾಲೀಮಿಗೆ ಕರೆಸಿದ. ಹನುಮಪ್ಪನ ಮೂರ್ತಿಯ ಎದುರು, ನಲವತ್ತು ಜನ ಲಂಗೋಟಿ ಕಟ್ಟಿ ನಿಂತಿದ್ದರು. ಅದರಲ್ಲಿ ನಾನೇ ಪಟ್ಟು ಕಲಿಸಿದವರು ಎಷ್ಟೋ ಮಂದಿ. ಮಾವ ಕುರ್ಚಿಯಿಂದ ಏಳಲಿಲ್ಲ.

"ಬಾಯಿ ತಗಿ," ಅಂದ.

ನಾನು ಬಗ್ಗಿದೆ. ಅವನು ನನ್ನ ಬಾಯಿಗೆ ಮೂಗು ಹಿಡಿದು ಮೂಸಿ ನೋಡಿದ. ಏನೂ ವಾಸನೆ ಇರಲಿಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಅವನು ಎಲ್ಲರ ಕಡೆ ತಿರುಗಿ, "ಯಾಲಕ್ಕಿ ಅಗದ ಬಂದಾನ," ಅಂದ. "ಈ ಮಣ್ಣು ಮೈಗೆ ಹತ್ತಿದವಗ ರೋಗ ಬರಂಗಿಲ್ಲ. ಇದು ರೋಗಲ್ಲ, ಬಾಟ್ಲಿ."

ಆವತ್ತೇ ಮಾತು ಊರು ಹೊಕ್ಕಿತು. ಸಂಜೆಯೊಳಗೆ ಕಿರಾಣಿ ಅಂಗಡಿಯವನು ನನ್ನ ಜೊತೆ ಸಾವಕಾಶವಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದ್ದ. ಶಾಲೆಯಲ್ಲಿ ನನ್ನನ್ನು ಮೈದಾನದಿಂದ ತೆಗೆದು, ಹರಿದ ಚೆಂಡು, ಮುರಿದ ಲೇಜಿಮು ಇಡುವ ಖೋಲಿಯಲ್ಲಿ ಕೂರಿಸಿದರು.

ಮಾವ ಔಷಧವನ್ನೂ ತಾನೇ ಹೇಳಿದ. ಬೈಠಕ್. ಕೂಡುವುದು, ಏಳುವುದು. ಪೈಲ್ವಾನನಿಗೆ ಜ್ವರ ಬಂದರೆ ಬೈಠಕ್, ಕುಸ್ತಿ ಸೋತರೆ ಬೈಠಕ್, ಹೆಂಡತಿಯ ಜೊತೆ ಜಗಳವಾದರೂ ಬೈಠಕ್. ಕಾಲು ಸೋಲುತ್ತವೆಂದರೆ ಹಾಕಿದ್ದು ಸಾಲದು, ಇನ್ನೂ ನೂರು ಹಾಕು. ಮಲಪ್ರಭೆಯ ದಂಡೆಯಿಂದ ಆರಿಸಿ ತಂದ ಹರಳುಗಳು ತಾಲೀಮಿನಲ್ಲಿ ಒಂದು ಬೋಗುಣಿ ತುಂಬ ಇರುತ್ತವೆ. ಹತ್ತು ಬೈಠಕ್ಕಿಗೆ ಒಂದು ಹರಳು ಆಚೆ ಇಡಬೇಕು. ಎಂಟು ತಿಂಗಳು ನಾನು ಆ ಹರಳು ಇಟ್ಟೆ. ನನ್ನ ತೊಡೆಯ ಸ್ನಾಯು ಸಾಯುತ್ತಿತ್ತು, ನಾನು ಅದನ್ನು ಕೈಯಾರೆ ಅರೆಯುತ್ತಿದ್ದೆ. ಯಾರೂ ನನ್ನನ್ನು ಕಟ್ಟಿಹಾಕಿ ಮಾಡಿಸಲಿಲ್ಲ ಎನ್ನುವುದೂ ಖರೇ. ಕುಡುಕ ಅಲ್ಲ ಎಂದು ತೋರಿಸಲು ನನಗೆ ಬೇರೆ ದಾರಿ ಗೊತ್ತಿರಲಿಲ್ಲ.

ಸುಳ್ಳು ಹೇಳದೇ ಇದ್ದದ್ದು ನನ್ನ ಹೆಂಡತಿ ಸುವರ್ಣಾಳ ಟೇಪು. ಅವಳು ಜಾಂಬೋಟಿಯವಳು, ಮನೆಯಲ್ಲಿ ಕುಪ್ಪಸ ಹೊಲಿಯುತ್ತಾಳೆ. ನನ್ನ ಪ್ಯಾಂಟು ಸಡಿಲಾಯಿತೆಂದು ಎರಡು ಸಲ ಒಳಹೊಲಿಗೆ ಹಾಕಿದವಳು, ಮೂರನೆಯ ಸಲ ಸೂಜಿ ಕೆಳಗಿಟ್ಟು ನನ್ನ ಎರಡೂ ತೊಡೆಗಳನ್ನು ಅಳೆದಳು. ಬಲಗಡೆ ಎರಡು ಇಂಚು ಕಡಿಮೆ. ಮಾವ ಏನನ್ನುತ್ತಾನೋ ಎಂದು ನಾನು ರಾಗ ತೆಗೆದೆ.

"ನಿಮ್ಮ ಮಾವ ಡಾಕ್ಟರ ಏನ್ರಿ?" ಅಂದಳು. "ನಾಳೆ ಬೆಳಗಾವಿಗೆ ಹೋಗೂಣು. ಅತ್ತೀನೂ ಬರ್ಲಿ."

ನರರೋಗದ ದವಾಖಾನೆಯ ಆ ಕಾಯುವ ಕೋಣೆಯನ್ನು ಮರೆಯಲಾರೆ. ಬಸ್ಸಿನ ಮೆಟ್ಟಿಲು ಹತ್ತಿಯೇ ಸುಸ್ತಾಗಿದ್ದ ನಾನು ಅಲ್ಲಿ ಕೂತು ನೋಡಿದರೆ, ಇಡೀ ಕೋಣೆಯಲ್ಲಿ ಯಾರೂ ಯಾರನ್ನೂ ವಿಚಿತ್ರವಾಗಿ ನೋಡುತ್ತಿರಲಿಲ್ಲ. ಕಣಕುಂಬಿಯ ಕಡೆಯ ಒಬ್ಬ ಅಜ್ಜ ಎರಡೂ ಕೈ ನಡುಗಿಸುತ್ತ ಕೂತಿದ್ದ. ಅವನ ಮಗಳು ತಂದೆಯ ನೀರಿನ ಬಾಟಲಿಯ ಬಿರಡೆ ತೆಗೆದಳು, ಹಾಗೇ ಕೈಚಾಚಿ, ಕೇಳದೇ, ನನ್ನ ಬಾಟಲಿಯದೂ ತೆಗೆದುಕೊಟ್ಟಳು. ಎಂಟು ತಿಂಗಳಲ್ಲಿ ಮೊದಲ ಸಲ ಒಬ್ಬರು ನನ್ನ ಕೈಗೆ ಆಗುವುದಿಲ್ಲ ಎಂಬುದನ್ನು ಸುಮ್ಮನೆ ಒಪ್ಪಿಕೊಂಡಿದ್ದರು. ನನಗೆ ಅಳು ಬಂತು. ಅವ್ವ ನನ್ನ ಬೆನ್ನು ಸವರಿದಳು.

ಒಳಗೆ ಡಾಕ್ಟರು ಅಂಗಿ ತೆಗೆಯಲು ಹೇಳಿದರು. ನನಗೆ ಜೀವ ಹೋದಷ್ಟು ನಾಚಿಕೆಯಾಯಿತು. ಯಾರಿಗೂ ಹೇಳದ ಸಂಗತಿಯೊಂದಿತ್ತು. ಒಂದು ವರ್ಷದಿಂದ ನನ್ನ ಎದೆ ಹೆಂಗಸರ ಎದೆಯಂತೆ ಉಬ್ಬಿತ್ತು. ಬರಿಮೈಯಲ್ಲಿ ಬದುಕಿದ ಪೈಲ್ವಾನ ನಾನು, ತಾಲೀಮಿನಲ್ಲೂ ಬನಿಯನ್ ಬಿಡುತ್ತಿರಲಿಲ್ಲ. ಡಾಕ್ಟರು ಅದನ್ನು ನೋಡಿ ಹುಬ್ಬು ಕೂಡ ಎತ್ತಲಿಲ್ಲ. ಇದೂ ಇದರದೇ ಭಾಗ, ನಿಮ್ಮ ತಪ್ಪಲ್ಲ ಎಂದರು. ಆಮೇಲೆ, ಬಾಯಿ ತೆಗೆಯಿರಿ ಎಂದರು. ನಾನು ಗಾಬರಿಯಾಗಿ ಹಿಂದೆ ಸರಿದೆ. ಅವರು ಮೂಸಲಿಲ್ಲ. ಬ್ಯಾಟರಿ ಹಿಡಿದು ನನ್ನ ನಾಲಿಗೆಯನ್ನು ಬಹಳ ಹೊತ್ತು ನೋಡಿದರು. ಕನ್ನಡಿ ಕೊಟ್ಟು ನನಗೂ ತೋರಿಸಿದರು. ನಾನು ಅಲ್ಲಾಡಿಸದಿದ್ದರೂ ನಾಲಿಗೆ ತನ್ನಷ್ಟಕ್ಕೆ ತಾನು ಮಿಡುಕುತ್ತಿತ್ತು.

ರಕ್ತವನ್ನು ಪರೀಕ್ಷೆಗೆ ಹೊರಗೂರಿಗೆ ಕಳಿಸಿದ್ದರಿಂದ ಫಲಿತಾಂಶಕ್ಕೆ ವಾರಗಟ್ಟಲೆ ಕಾದೆವು. ಸ್ನಾಯು ಆಡಿಸುವ ನರಗಳು ಸಾಯುವ ಮೋಟರ್ ನ್ಯೂರಾನ್ ಕಾಯಿಲೆಗಳಲ್ಲಿ ನಿಧಾನ ನಡೆಯುವ ಜಾತಿಯಂತೆ ನನ್ನದು. ಜೀವಕ್ಕೆ ಕೂಡಲೇ ಅಪಾಯವಿಲ್ಲ, ವಾಸಿಯಾಗುವ ಮಾತೂ ಇಲ್ಲ. ಗಂಡಸರಿಗೆ ಬರುತ್ತದೆ, ತಾಯಿಯ ಕಡೆಯಿಂದ ಇಳಿದು ಬರುತ್ತದೆ. "ನಿಮ್ಮ ತಾಯಿಯ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಹೀಗೆ ಇದೆಯೇ?" ಎಂದು ಡಾಕ್ಟರು ಕೇಳಿದರು. ಇಲ್ಲ, ನಮ್ಮ ಮಾವ ಪೈಲ್ವಾನ, ಎಂದೆ. ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಅವ್ವ, "ನನ್ನ ಹೊಟ್ಯಾಗಿಂದ ಬಂತೇನೋ?" ಎಂದಳು. ಸುವರ್ಣಾ ಅವಳ ಕೈ ಹಿಡಿದಳು. ನನ್ನಿಂದ ಆ ಕೆಲಸ ಆಗಲಿಲ್ಲ. ನಾನು ಆಗಲೇ ಮಾವನನ್ನು ನೋಡತೊಡಗಿದ್ದೆ, ಕಣ್ಣು ಮುಚ್ಚಿಕೊಂಡು.

ಹತ್ತು ವರ್ಷದಿಂದ ಮಾವ ಮೈಮೇಲಿನ ಅಂಗಿ ಬಿಚ್ಚಿರಲಿಲ್ಲ. ಬೇಸಿಗೆಯಲ್ಲೂ ದಪ್ಪ ನೆಹರು ಶರ್ಟು. ಅಖಾಡದ ಬಾಜು ಕೈಯಿರುವ ಕುರ್ಚಿ ಬೇಕು, ಏಳುವಾಗ ಎರಡೂ ಕೈ ಊರುತ್ತಿದ್ದ. ಜನರ ಎದುರು ಚಹಾ ಕುಡಿಯುತ್ತಿರಲಿಲ್ಲ. ಬಾಯಲ್ಲಿ ಸದಾ ಎಲೆಅಡಿಕೆ, ತುಟಿ ಅದುರುವುದು ಅಗಿಯುವುದರಲ್ಲಿ ಮುಚ್ಚಿಹೋಗುತ್ತಿತ್ತು. ನಾವೆಲ್ಲ ಅದನ್ನು ವಸ್ತಾದರ ಗತ್ತು ಅಂದುಕೊಂಡಿದ್ದೆವು. ಅವನಿಗೆ ಕಾಯಿಲೆಯ ಹೆಸರು ಗೊತ್ತಿರಲಿಕ್ಕಿಲ್ಲ. ಕಾಲು ಸೋಲುವುದು ಏನೆಂದು ಗೊತ್ತಿತ್ತಲ್ಲ. ತನ್ನ ಕಾಲು ಹೀಗೇ ಸೋತದ್ದನ್ನು ಬಲ್ಲವನು ನನ್ನ ಬಾಯಿ ಮೂಸಿದ.

ಬಸ್ಸಿನಲ್ಲಿ ಮಾವನ ಕಾಲಿನ ಬಗ್ಗೆ ಅವ್ವನನ್ನು ಕೇಳಿದೆ. ಅವಳಿಗೆ ಗೊತ್ತಿತ್ತು, ಪೂರ್ತಿ ಅಲ್ಲ, ಇಷ್ಟಿಷ್ಟು. "ಅಣ್ಣನ ಹೆಸರು ತಗೀಬ್ಯಾಡ," ಎಂದಳು. "ಊರಾಗ ಅವಂದೊಂದು ಮಾನ ಐತಿ."

"ನಂದು ಇಲ್ಲೇನು?" ಎಂದೆ.

ಆವತ್ತಿನಿಂದ ನನಗೆ ಬೇಕಾದದ್ದು ಒಂದೇ. ಕಲ್ಲಪ್ಪ ವಸ್ತಾದ ತನ್ನ ಬಾಯಿಯಿಂದ, ಜನರ ಎದುರು, ನನ್ನ ಅಳಿಯ ಕುಡಿಯುವುದಿಲ್ಲ ಎಂದು ಹೇಳಬೇಕು.

ಡಾಕ್ಟರು ನನ್ನನ್ನು ಫಿಜಿಯೋಥೆರಪಿಗೆ ಕಳಿಸಿದರು. ಟಿಳಕವಾಡಿಯಲ್ಲಿ, ಎರಡನೇ ರೇಲ್ವೆ ಗೇಟಿನ ಹತ್ತಿರ, ನಸೀಮಾ ಎಂಬಾಕೆಯ ಚಿಕ್ಕ ಕ್ಲಿನಿಕ್ಕು. ಎತ್ತರ ಐದಡಿಯೂ ಇಲ್ಲ, ದನಿ ಮಾತ್ರ ಕುಸ್ತಿಯ ತೀರ್ಪು ಕೂಗುವ ಪಂಚರದು. ಮೊದಲ ದಿನ, ಏನು ಮಾಡಲು ಬಂದರೆ ನಿಮಗೆ ಸಮಾಧಾನ ಎಂದು ಕೇಳಿದಳು. ಎಲ್ಲರಿಗೂ ಕೇಳುತ್ತಾಳಂತೆ. ಗುಡಿಯ ಮೆಟ್ಟಿಲು ಹತ್ತಬೇಕು, ಮೊಮ್ಮಗನನ್ನು ಎತ್ತಬೇಕು ಎಂದು ಜನ ಹೇಳುತ್ತಾರಂತೆ.

"ನೆಟ್ಟಗ ನಿಂತು ಒಬ್ಬನ ಮರ್ಯಾದಿ ತಗೀಬೇಕ್ರಿ," ಎಂದೆ.

ಅವಳು ಕಾಗದದ ಮೇಲೆ ಅದನ್ನೇ ಬರೆದುಕೊಂಡಳು. "ಹಂಗಾದ್ರ ಮೊದಲ ನಿಂದ್ರೂದು ಕಲೀರಿ ಮಾಸ್ತರ. ಮರ್ಯಾದಿ ಆಮ್ಯಾಲ ನೋಡೂಣು."

ಅವಳ ಲೆಕ್ಕ ನನಗೆ ಅವಮಾನವೆನ್ನಿಸಿತು. ಎತ್ತರದ ಕುರ್ಚಿಯಿಂದ ಹತ್ತು ಸಲ ಏಳುವುದು, ಕೂಡುವುದು, ನಡುವೆ ವಿಶ್ರಾಂತಿ. ನಡೆಯುವಾಗ ಹೆಬ್ಬೆರಳು ನೆಲಕ್ಕೆ ತಾಗದಂತೆ ಕಾಲಿಗೆ ಒಂದು ಪಟ್ಟಿ. ನೀರು ನುಂಗುವಾಗ ಗದ್ದ ಎದೆಗೆ. ಮರುದಿನ ಬೆಳಿಗ್ಗೆ ಕಾಲು ಭಾರವೆನಿಸಿದರೆ ಹಿಂದಿನ ದಿನದ್ದು ಹೆಚ್ಚಾಯಿತು ಎಂದು ತಿಳಿಯಬೇಕು. ಐನೂರು ಹಾಕಿದವನಿಗೆ ಹತ್ತೇ? ಹೆಂಗಸು, ಅಖಾಡ ಕಂಡವಳಲ್ಲ, ಇವಳಿಗೇನು ಗೊತ್ತು ಎಂದುಕೊಂಡೆ. ತಾಲೀಮಿನ ಬುದ್ಧಿ ಎಲುಬಿನಲ್ಲೇ ಕೂತಿತ್ತು. ಸುವರ್ಣಾ ತವರಿಗೆ ಭತ್ತದ ನಾಟಿಗೆ ಹೋದ ದಿನ ಬಾಗಿಲು ಹಾಕಿಕೊಂಡು ಬೈಠಕ್ ಶುರು ಮಾಡಿದೆ. ಮಾವನ ಮುಖ ನೆನೆದು ನೆನೆದು ಹಾಕಿದೆ. ನೂರರ ಸುಮಾರಿಗೆ ಕಾಲು ಕಳಚಿಕೊಂಡಂತಾಗಿ ಮಂಚದ ಪಕ್ಕ ಕುಸಿದೆ. ಮಧ್ಯಾಹ್ನ ಅವ್ವ ಬಂದು ಬಾಗಿಲು ಬಡಿಯುವವರೆಗೂ ನೆಲದ ಮೇಲೇ ಇದ್ದೆ. ಮೂತ್ರವೂ ಅಲ್ಲೇ ಆಯಿತು. ಮೂರು ದಿನ ಏಳಲಾಗಲಿಲ್ಲ.

ನಡೆದದ್ದನ್ನೂ ಮಾವನ ಬೈಠಕ್ಕಿನ ಔಷಧವನ್ನೂ ಹೇಳಿದರೆ ನಸೀಮಾ ಬೈಯುತ್ತಾಳೆಂದುಕೊಂಡಿದ್ದೆ. ಅವಳು ಎದುರಿಗೆ ಕೂತು ಹೇಳಿದ್ದು ಇಷ್ಟೇ. "ನಿಮ್ಮ ಮಾವ ಮಾಡಿದ್ದನ್ನ ಈಗ ನೀವ ಮಾಡಾಕತ್ತೀರಿ. ಅವರಿಗೆ ಮತ್ತ್ಯಾಕ ತ್ರಾಸ ಕೊಡ್ತೀರಿ?"

ಅಂದಿನಿಂದ ಹತ್ತು ಅಂದರೆ ಹತ್ತು. ಅವಳು ಕಲಿಸಿದ್ದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಬಿದ್ದರೆ ಏಳುವ ಪಟ್ಟು. ಕೈ ಹಿಡಿದು ಯಾರೂ ಎಳೆಯಬಾರದು, ಭುಜ ಕಳಚುತ್ತದೆ. ಒಂದು ಮಗ್ಗುಲಿಗೆ ಹೊರಳಬೇಕು, ಅಂಗೈ ಊರಬೇಕು, ಮೊಣಕಾಲಿನ ಮೇಲೆ ಬರಬೇಕು, ಎದುರಿಗೆ ಕುರ್ಚಿ ಇಡಿಸಿಕೊಂಡು ಅದರ ಮೇಲೆ ಭಾರ ಹಾಕಿ ಒಂದೊಂದೇ ಕಾಲು ಎತ್ತಬೇಕು. ನನ್ನ ಇಡೀ ಕುಸ್ತಿಯಲ್ಲಿ ನೆಲಕ್ಕೆ ಬಿದ್ದವನು ಏಳುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಬೀಳಿಸುವುದನ್ನಷ್ಟೇ ಕಲಿಸಿದ್ದರು. ಸುಧಾರಿಸುತ್ತಿದ್ದೀರಿ ಎಂದು ನಸೀಮಾ ಅನ್ನುತ್ತಿದ್ದಳು. ಸುಧಾರಣೆ ಅಲ್ಲ, ಅದು ತಯಾರಿ. ನಾಗರ ಪಂಚಮಿ ಹತ್ತಿರ ಬರುತ್ತಿತ್ತು.

ನಮ್ಮ ತಾಲೀಮಿನಲ್ಲಿ ಪಂಚಮಿಗೆ ಮಣ್ಣಿನ ಪೂಜೆ. ಅಖಾಡ ಅಗೆದು, ಮಜ್ಜಿಗೆ, ಅರಿಷಿಣ, ಎಣ್ಣೆ, ನಿಂಬೆಹಣ್ಣಿನ ರಸ ಬೆರೆಸಿ ಹದ ಮಾಡುತ್ತಾರೆ. ಆಮೇಲೆ ವಸ್ತಾದ ಬರಿಗಾಲಿನಲ್ಲಿ ಇಳಿದು, ಕುಕ್ಕರಗಾಲಿನಲ್ಲಿ ಕೂತು, ಒಂದು ಮುಷ್ಟಿ ಮಣ್ಣು ಎತ್ತಿ, ಎದ್ದು ಹನುಮಪ್ಪನ ಪಾದಕ್ಕೆ ಹಚ್ಚಬೇಕು. ಒಂದೇ ಒಂದು ಬೈಠಕ್. ಹತ್ತು ವರ್ಷದಿಂದ ಮಾವ ಅದನ್ನು ತಪ್ಪಿಸಿದ್ದ. ಶಿಷ್ಯರು ತಾಟಿನಲ್ಲಿ ಮಣ್ಣು ತಂದುಕೊಡುವುದೇ ಗುರುವಿಗೆ ಮರ್ಯಾದೆ ಎಂದು ಹೊಸ ಪದ್ಧತಿ ಹಾಕಿದ್ದ. ನಾವು ಹೌದೆಂದು ತಾಟು ಹಿಡಿದಿದ್ದೆವು.

ಆ ಪಂಚಮಿಗೆ ನಾನು ಕೋಲು ಹಿಡಿದು, ಕಾಲಿಗೆ ಪಟ್ಟಿ ಕಟ್ಟಿಕೊಂಡು ಹೋದೆ. ಜನ ದಾರಿ ಬಿಟ್ಟರು. ಕರ್ಪೂರ ಹಚ್ಚಿದ್ದರು, ತಾಟು ತಯಾರಿತ್ತು. ನಾನು ಆ ತಾಟಿಗೆ ಕೋಲು ಅಡ್ಡ ಹಿಡಿದೆ.

"ಮಾವ, ಈ ಸಲ ಮಣ್ಣು ನೀವ ಎತ್ರಿ. ಒಂದ ಬೈಠಕ್. ನಾ ಎಂಟ ತಿಂಗಳ ಹಾಕೀನಿ."

ನನ್ನ ಮಾತು ತೊದಲಿತು, ಆದರೆ ಎಲ್ಲರಿಗೂ ತಿಳಿಯಿತು. ಮಾವ ನನ್ನನ್ನು ನೋಡಿದ. ನನಗೆ ಗೊತ್ತಾಗಿದೆ ಎಂಬುದು ಅವನಿಗೆ ಆ ಕ್ಷಣದಲ್ಲೇ ಗೊತ್ತಾಯಿತು. ಮೊಣಕಾಲು ನೋವು ಎನ್ನಬಹುದಿತ್ತು. ಪೈಲ್ವಾನರ ಹಟ ಅಂಥದಲ್ಲ. ಚಪ್ಪಲಿ ಕಳಚಿ, ಅಖಾಡಕ್ಕಿಳಿದು, ಕೂತ. ಮುಷ್ಟಿ ತುಂಬ ಮಣ್ಣು ಹಿಡಿದ. ಏಳಲಿಲ್ಲ.

ಮೊದಲು ಎಲ್ಲರೂ ಪ್ರಾರ್ಥನೆ ಮಾಡುತ್ತಿದ್ದಾನೆ ಎಂದುಕೊಂಡರು. ಆಮೇಲೆ ಅವನ ತೊಡೆ ನಡುಗುವುದು ಕಂಡಿತು, ಆಮೇಲೆ ಹಿಂದಕ್ಕೆ ವಾಲಿ ಮಣ್ಣಿನಲ್ಲೇ ಕುಸಿದ. ನಾನು ಕರ್ಪೂರ ಪೂರ್ತಿ ಆರುವವರೆಗೂ ನಿಂತೆ. ಆ ಹೊತ್ತು ನನಗೆ ಎಷ್ಟು ಸುಖವಾಯಿತೆಂದು ಹೇಳಲು ನಾಚಿಕೆಯಿಲ್ಲ. ನಾನು ಒಂದು ಹೆಜ್ಜೆ ಮುಂದೆ ಹೋಗಿ, ತಿಂಗಳುಗಟ್ಟಲೆ ಕಾಯ್ದಿಟ್ಟ ಮಾತು ಆಡಿದೆ.

"ಬಾಯಿ ತಗೀರಿ."

ಮಾವ ತೆಗೆದ. ಎದುರಾಡದೆ, ಮಗುವಿನ ಹಾಗೆ ತೆಗೆದ. ಎಲೆಅಡಿಕೆಯ ಕೆಂಪಿನ ನಡುವೆ ಅವನ ನಾಲಿಗೆ ಮಿಡುಕುತ್ತಿತ್ತು. ಡಾಕ್ಟರು ಕನ್ನಡಿಯಲ್ಲಿ ತೋರಿಸಿದ್ದ ನನ್ನದೇ ನಾಲಿಗೆ. ಮೂಸಿ ನೋಡಿ, ಈಗ ಹೇಳಿ ಯಾರು ಕುಡುಕರು ಎಂದು ಕೇಳಬೇಕೆಂದಿದ್ದೆ. ಕೇಳಲಾಗಲಿಲ್ಲ.

ಇಬ್ಬರು ಪೈಲ್ವಾನರು ಅವನ ರಟ್ಟೆ ಹಿಡಿದು ಎಳೆಯಲು ಬಂದರು. ಯಾರೂ ಮುಟ್ಟಬೇಡಿ, ಕುರ್ಚಿ ತನ್ನಿ ಎಂದೆ. ನಲವತ್ತು ಜನರ ಎದುರು, ನನ್ನ ತೊದಲು ಮಾತಿನಲ್ಲಿ, ಎಡಕ್ಕೆ ಹೊರಳಿ, ಅಂಗೈ ಊರಿ, ಮೊಣಕಾಲಿನ ಮೇಲೆ ಬನ್ನಿ ಎಂದು ಒಂದೊಂದಾಗಿ ಹೇಳಿದೆ. ಅವನು ಒಂದೊಂದಾಗಿ ಮಾಡಿದ. ಎದ್ದು ನಿಂತಾಗ ಹಸಿ ಮಣ್ಣಿಗೆ ಅಂಗಿ ಎದೆಗೆ ಅಂಟಿ, ನನ್ನಂಥದೇ ಉಬ್ಬು ಕಾಣುತ್ತಿತ್ತು. ನನ್ನ ಟಾವೆಲ್ ತೆಗೆದು ಅವನ ಎದೆಯ ಮೇಲೆ ಹಾಕಿದೆ. ಅದೊಂದನ್ನು ಜನ ನೋಡುವುದು ಬೇಡ ಅನ್ನಿಸಿತು, ಅಷ್ಟೇ. ಅದಕ್ಕೆ ಕ್ಷಮೆ ಎಂದು ಹೆಸರಿಡಬೇಡಿ.

ಏಕೆಂದರೆ ಅವನು ಹೇಳಬೇಕಾದದ್ದನ್ನು ಹೇಳಲೇ ಇಲ್ಲ. ಕೋಲು ಕೇಳಿದ, ಮನೆಗೆ ಹೋದ. ಅವ್ವ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು, ಸುವರ್ಣಾಳ ಮೂಲಕ ರೊಟ್ಟಿ ಕಳಿಸುತ್ತಿದ್ದಳು. ವಸ್ತಾದರಿಗೂ ವಯಸ್ಸಾಯಿತು ಪಾಪ ಎಂದು ಊರು ಮರುಗಿತು. ಅವನಿಗೆ ವಯಸ್ಸು, ನನಗೆ ಬಾಟಲಿ. ನಾನು ಮತ್ತೆ ಹತ್ತರ ಲೆಕ್ಕಕ್ಕೆ ಹೋದೆ.

ದೀಪಾವಳಿ ಕಳೆದ ಮೇಲೆ ಒಂದು ಮಂಗಳವಾರ ನಸೀಮಾಳ ಕ್ಲಿನಿಕ್ಕಿಗೆ ಹೋದರೆ ಕಾಯುವ ಬೆಂಚಿನ ತುದಿಯಲ್ಲಿ ಮಾವ ಕೂತಿದ್ದ. ಮಡಿಲಲ್ಲಿ ರಕ್ತದ ವರದಿಯ ಲಕೋಟೆ. ಅವ್ವನೇ ಕರೆದುಕೊಂಡು ಬಂದಿದ್ದಳು, ನನ್ನ ಮುಖ ನೋಡದೆ ಅಂಗಡಿಗೆಂದು ಹೊರಗೆ ಹೋದಳು. ಅವನ ಪಕ್ಕದಲ್ಲೇ ಕೂತೆ, ಬೇರೆ ಜಾಗವಿರಲಿಲ್ಲ. ನನ್ನ ಇನ್ನೊಂದು ಬಾಜು, ಭುಜದ ನೋವಿಗೆ ಬಂದ ಒಬ್ಬ ಹೆಂಗಸಿದ್ದಳು. ಎಷ್ಟನೇ ನಂಬರು ನಡೆದಿದೆ ಎಂದು ಅವಳನ್ನು ಕೇಳಿದೆ. ನನ್ನ ಮಾತು ಕೇಳಿ ಅವಳು ಸೆರಗು ಮೂಗಿಗೆ ಹಿಡಿದಳು. ಆ ಸೆರಗು ನನಗೆ ಹೊಸದಲ್ಲ.

ಮಾವ ಅದನ್ನು ನೋಡಿದ. ಆಮೇಲೆ ನೆಲ ನೋಡುತ್ತ ಆ ಹೆಂಗಸಿಗೆ ಅಂದ.

"ನಮ್ಮ ಅಳ್ಯಾ ಅವ. ಕುಡಿಯಂಗಿಲ್ರಿ. ಒಂದ ದಿನಾನೂ ಕುಡದಿಲ್ಲ. ನಾನ ಊರಾಗ ಸುಳ್ಳ ಹೇಳೀನಿ."

ವರ್ಷಕ್ಕೂ ಮೀರಿ ಕಾದ ಮಾತು. ನಲವತ್ತು ಜನರ ಎದುರು ಬೇಕಾಗಿತ್ತು, ಪರವೂರಿನ ನಾಲ್ಕು ಜನರ ಎದುರು ಸಿಕ್ಕಿತು. ದೊಡ್ಡವನಾಗಿ ಅವನ ಕೈ ಹಿಡಿಯಬಹುದಿತ್ತು. ನಾನು ಹಿಡಿಯಲಿಲ್ಲ.

"ಜೋರಾಗಿ ಹೇಳ್ರಿ ಮಾವ," ಎಂದೆ. "ಬಾಗಲದಾಗ ಕುಂತವರಿಗೂ ಕೇಳ್ಬೇಕು."

ಅವನು ತಲೆಯೆತ್ತಿ ಉಸಿರು ಹಿಡಿದು ಜೋರಾಗಿ ಹೇಳಿದ. ಜೋರು ಮಾಡಲು ಹೋಗಿ ನಾಲಿಗೆ ಹೊರಳದೆ, ಶಬ್ದಗಳೆಲ್ಲ ಕಲಸಿಹೋದವು. ಆ ಹೆಂಗಸು ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಚೀಲ ಎತ್ತಿಕೊಂಡು, ಬೆಳಿಗ್ಗೆಯೇ ಇಬ್ಬರೂ ಕುಡಿದು ಬಂದಿದ್ದಾರೆ ಎಂದು ಬಾಗಿಲ ಬಳಿಯವರಿಗೆ ಹೇಳಿ, ಆಚೆ ಹೋಗಿ ನಿಂತಳು. ಮಾವ ಬಾಯಿ ತೆರೆದು ಹಾಗೇ ಕೂತ. ನನ್ನ ಸೇಡು ತೀರಿದ್ದು ಆಗ.